ಚಾಡಿಕೋರನ ಮೂರನೇ ಕೂಗು

ಹಿತ್ತಲ ಮೆಟ್ಟಿಲ ಮೇಲಿಂದ,
ಭಾನುವಾರ, ಮಾರ್ಚ್ ೯

ಮುದ್ದಿನ ಅಜ್ಜೀ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರಾ? ಒಂದು ತಿಂಗಳು ನೀನು ಫೋನ್ ನೋಡೋ ಹಾಗಿಲ್ಲವಂತೆ, ಅದಕ್ಕೇ ಕಾಗದ. ಸ್ಮೈಲಿ ಹಾಕಲಾಗದೆ ಕೈ ಕಟ್ಟಿಹಾಕಿದ ಹಾಗಿದೆ. ಚಿಕ್ಕಮ್ಮಾ, ಓದಿ ಹೇಳೋಳು ನೀನೇ ತಾನೇ? ನಿಧಾನಕ್ಕೆ ಓದು, ಮಧ್ಯೆ ನಗಬೇಡ.

ಸುದ್ದಿ ಏನಪ್ಪಾ ಅಂದರೆ, ನಮ್ಮ ಚಾಡಿಕೋರ ಈಗ ಬೇರೆಯದೇ ಮನೆತನ. ಬೆಕ್ಕು ಬಂದರೆ ಇಡೀ ಬೀದಿಗೆ ಸಾರುತ್ತಾನೆ ಅಂತ ನೀನು ಹೆಸರಿಟ್ಟೆಯಲ್ಲ, ಬೇಲಿಯ ಬೂದು ಹಕ್ಕಿ, ಅವನೇ. ಗುಡ್ಡದ ಈಚೆ ನಮ್ಮವನು, ಆಚೆ ನಿನ್ನ ತವರಿನವನು, ಕಡಲ ದಡದವನು, ಮೂವರೂ ಒಂದೇ ಪ್ರಭೇದ ಅಂತ ಪುಸ್ತಕದಲ್ಲಿತ್ತು. ನೋಡೋಕೂ ಅಚ್ಚು ಹೊಡೆದ ಹಾಗೆ ಒಂದೇ. ನಮ್ಮ ಹಕ್ಕಿ ಗ್ರೂಪಿನ ವಿಜ್ಞಾನಿ ಮೇಡಂ ಆರು ವರ್ಷ ಕೂತು ರೆಕ್ಕೆ ಅಳೆದು, ರಕ್ತ ಪರೀಕ್ಷೆ ಮಾಡಿಸಿ, ನೂರಾರು ಕೂಗು ಹೋಲಿಸಿದ್ದಾರೆ. ಆಚೆಯವನ ಕೂಗನ್ನು ಸ್ಪೀಕರಿನಲ್ಲಿ ಹಾಕಿದರೆ ಈಚೆಯವನು ಕ್ಯಾರೇ ಅನ್ನದೆ ಮೈ ಕೆರೆದುಕೊಳ್ಳುತ್ತಾನಂತೆ. ಈಚೆಯದೇ ಕೂಗು ಹಾಕಿದರೆ ಸ್ಪೀಕರಿನ ಮೇಲೇ ಜಗಳಕ್ಕೆ ಬೀಳುತ್ತಾನಂತೆ. ಹಾಗಾಗಿ ಒಂದಿದ್ದದ್ದು ಮೂರಾಯಿತು. ಮೂರೂ ಕಡೆ ನೋಡಿದ್ದೆನಲ್ಲ, ಕುರ್ಚಿ ಬಿಟ್ಟೇಳದೆ ನಾನು ನೋಡಿದ ಹಕ್ಕಿಗಳ ಪಟ್ಟಿ ಎಂಬತ್ತೊಂದರಿಂದ ಎಂಬತ್ತಮೂರಕ್ಕೆ ಹಾರಿತು. ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಒಂದೇ ಗದ್ದಲ. ಅಪ್ಪ ಮಾತ್ರ, "ಇದು ಆ ಹಕ್ಕಿಗೆ ಗೊತ್ತಾ?" ಅಂತ ಕೇಳಿ ಪೇಪರಿನೊಳಗೆ ತಲೆ ಹಾಕಿದರು.

ಇನ್ನೊಂದು. ಮೇಡಂ ಬರೆದ ಲೇಖನ ಈ ತಿಂಗಳ ಕೊನೆಗೆ ಅಚ್ಚಾಗುತ್ತೆ. ನಮ್ಮ ಹಿತ್ತಲಲ್ಲಿ ನಾನು ರೆಕಾರ್ಡ್ ಮಾಡಿದ ಕೂಗೇ ಅದರಲ್ಲಿ ಈಚೆಯವನ ಮಾದರಿ. ಕೂಗಿನ ವ್ಯತ್ಯಾಸ ಮೊದಲು ಗುರುತಿಸಿದ್ದು ನಾನು ಅಂತ ಥ್ಯಾಂಕ್ಸ್ ಬೇರೆ ಹಾಕಿದ್ದರು. ಅಮ್ಮ ಅದನ್ನು ಎದುರು ಮನೆಗೂ ಹೇಳಿಬಂದಳು.

ಕಣ್ಣಿಗೆ ಹನಿ ಹಾಕಿಸಿಕೊಳ್ಳುವಾಗ ಗಲಾಟೆ ಮಾಡಬೇಡ. ಬೇಗ ಬಾ, ಬೇಲಿ ಬಿಕೋ ಅನ್ನುತ್ತಿದೆ.

ನಿನ್ನ ಬರಿಗಾಲಿನ ಕಪಿ

ಮರೆತಿದ್ದೆ (ಸುಳ್ಳು, ಮರೆತಿರಲಿಲ್ಲ): ಗುರುತಿಸಿದ್ದು ನಾನಲ್ಲ, ನೀನು. ರೆಕಾರ್ಡಿಂಗಿನ ಮೊದಲ ಹನ್ನೊಂದು ಸೆಕೆಂಡು ನಿನ್ನದೇ ದನಿ: "ನಮ್ಮೋನು ಎರಡು ಸಲ ಕೂಗಿ ಮೂರನೇದನ್ನ ಎಳೀತಾನೆ. ನನ್ನ ತವರಿನೋನು ಎರಡಕ್ಕೇ ಮುಗಿಸ್ತಾನೆ. ಇವರಿಬ್ರಿಗೂ ಏನೂ ನಂಟಿಲ್ಲ ಕಣೋ. ಲೋ, ಚಪ್ಪಲಿ ಹಾಕ್ಕೊಂಡು ನಿಂತ್ಕೋ." ಅಷ್ಟನ್ನೂ ಕತ್ತರಿಸಿ, ನಾನೇ ಗಮನಿಸಿದೆ ಅಂತ ಕಳಿಸಿದ್ದೆ. ಇವತ್ತು ಪೂರ್ತಿ ಕಳಿಸಿ ನಿಜ ಹೇಳಿದೆ. ಮೇಡಂ ಬೈಯಲಿಲ್ಲ, ನಿನ್ನ ದನಿಯನ್ನು ನಾಲ್ಕು ಸಲ ಹಾಕಿ ಕೇಳಿದೆ ಅಂದರು. ಥ್ಯಾಂಕ್ಸ್ ನಿನಗೇ ಹೋಗುತ್ತೆ. ಬೈಗುಳದ ಸಮೇತ ಅದನ್ನು ಹಕ್ಕಿ ಕೂಗುಗಳ ಸಂಗ್ರಹದಲ್ಲಿ ಇಡಬಹುದಾ ಅಂತ ಕೇಳುತ್ತಿದ್ದಾರೆ. ನಿನಗಿದನ್ನು ಫೋನಲ್ಲಿ ಹೇಳೋಕೆ ನಾಲಿಗೆ ಏಳಲಿಲ್ಲ. ಚಿಕ್ಕಮ್ಮನ ಫೋನಿಂದ ಒಂದು ಹೂಂ ಅನ್ನು ಅಜ್ಜೀ, ಸಾಕು. ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ.