ಅಮ್ಮನ ಊರಿನ ರೊಟ್ಟಿ

ಅಕ್ಟೋಬರ್ ೧೪, ಮಂಗಳವಾರ

ಅಮ್ಮ ಮೂರು ದಿನದಿಂದ ಏನೂ ತಿಂದಿಲ್ಲವೆಂಬುದೇ ಬೆಳಗಿನಿಂದ ಕೊರೆಯುತ್ತಿತ್ತು. ಅವಳು ಹುಟ್ಟಿದ ಊರಿನ ನೆನಪಿಗೆ ಏನಾದರೂ ತರೋಣವೆಂದು ಲಕ್ಸರ್‌ನಿಂದ ನೈಲ್ ನದಿ ದಾಟಿ ಆ ಊರಿಗೇ ಹೋದೆ. ಈರುಳ್ಳಿ, ಬೇಳೆ ಕೊಂಡ ಮೇಲೆ ಒಂದು ಮನೆಯಲ್ಲಿ ಮಾರಾಟಕ್ಕಿಟ್ಟಿದ್ದ ಖರ್ಜೂರದ ಗರಿಯ ಬುಟ್ಟಿಯೊಂದನ್ನು ಆರಿಸಿದೆ.

ಬುಟ್ಟಿ ಹೆಣೆಯುವ ಮುದುಕಿ ಉಮ್ ಬಿಶಾರಾ, "ಯಾರಿಗೆ ಮಗಳೇ?" ಅಂದಳು.

"ಅಮ್ಮನಿಗೆ. ಇದೇ ಊರಿನವಳು, ಝಕಿಯ್ಯಾ."

"ಅಯ್ಯೋ, ನಮ್ಮ ಝಕಿಯ್ಯಾನ ಮಗಳಾ ನೀನು? ಮೊದ್ಲೇ ಹೇಳಬಾರದಾ! ಖಾಲಿ ಬುಟ್ಟಿ ನಮ್ಮನೆ ಹೊಸ್ತಿಲು ದಾಟಲ್ಲ ಕಣೇ."

ಹಿಟ್ಟನ್ನು ಬಿಸಿಲಿಗಿಟ್ಟು ಉಬ್ಬಿಸಿ ಸುಟ್ಟ ರೊಟ್ಟಿಗಳನ್ನು ಬುಟ್ಟಿ ತುಂಬ ಜೋಡಿಸಿದಳು. ಬೇಡವೆನ್ನಲು ಬಿಡಲಿಲ್ಲ.

ಸಂಜೆ, ಉಮ್ ಬಿಶಾರಾ ಕೊಟ್ಟಿದ್ದು ಎಂದಾಗ ಅಮ್ಮ ಒಂದು ರೊಟ್ಟಿ ಮೂಸಿದಳು, ಮುರಿದು ಬಾಯಿಗಿಟ್ಟಳು. ಅರ್ಧ ಮುಗಿಸಿ, "ಉಪ್ಪು ಕಮ್ಮಿ. ಈ ವಯಸ್ಸಿಗಾದ್ರೂ ಹಿಟ್ಟು ಕಲಸೋದು ಕಲಿಬಾರದಾ ಅವಳು?" ಎಂದು ಗೊಣಗಿದಳು. ಆ ಗೊಣಗಾಟ ಕೇಳಿ ಎಷ್ಟು ಹಿತವಾಯಿತು, ದೇವರೇ! ಉಮ್ ಬಿಶಾರಾಳ ಹೊಟ್ಟೆ ತಣ್ಣಗಿರಲಿ. ಅಮ್ಮ ಈಗ ಮಲಗಿದ್ದಾಳೆ, ಗಲ್ಲದ ಮೇಲೆ ರೊಟ್ಟಿಯ ಪುಡಿ. ಒರೆಸಲು ಮನಸ್ಸಾಗದೆ ನೋಡುತ್ತಾ ಕೂತಿದ್ದೇನೆ...