ಒಣಗಿದ ಮೇಲೆ ಸರಿಹೋಗುತ್ತೆ

ಸೋಮವಾರ, ಹದಿನಾರನೆಯ ತಾರೀಖು
ಅಡುಗೆಮನೆಯ ಮೇಜು, ಅಂಟು ಮೆತ್ತದ ಮೂಲೆ

ಪ್ರೀತಿಯ ಗಾಳಿಮಳೆ ಸರ್ಕಾರ್ ಅವರಿಗೆ,

ಹೇಗಿದ್ದೀಯ? ನಿನ್ನ ದ್ವೀಪದಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನಾನು ಕೇಳುವುದಿಲ್ಲ. ಹೊತ್ತುಹೊತ್ತಿಗೆ ಅದನ್ನು ಅಳೆದು ಮೇಲಿನವರಿಗೆ ಹೇಳಿ ಹೇಳಿ ನಿನಗೇ ಬೇಸರ ಬಂದಿರುತ್ತದೆ. ಊಟ ಸರಿಯಾಗಿ ಮಾಡುತ್ತಿದ್ದೀಯಾ, ಮೊಣಕೈ ನೋವು ಹೇಗಿದೆ, ಅಷ್ಟು ಬರೆ. ಇಲ್ಲಿ ನಾನೂ ನಿನ್ನ ಮಗಳೂ ಆರೋಗ್ಯ. ಬುಗುರಿಯ ಮೇಲಿನ ಹಲ್ಲೊಂದು ಬಿದ್ದಿದೆ. ಈಗ ಅವಳು 'ಸ' ಎಂದರೆ ಸೀಟಿ ಕೇಳಿಸುತ್ತದೆ. ಮೊನ್ನೆ "ಸೋಸಿದ ಸಾಸಿವೆ" ಎಂದು ಹೇಳಿಸಿದೆ, ಪಕ್ಕದ ಮನೆಯವರು ಕುಕ್ಕರ್ ಇಳಿಸಲು ಎದ್ದರು.

ಕಾಗದ ತಡವಾಯಿತು. ಎರಡು ವಾರದ ದೋಣಿ ನನ್ನ ಅಕ್ಷರವಿಲ್ಲದೆ ನಿನ್ನ ಕಡೆ ಬಂತು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು. ಇತ್ತು ಕೂಡ. ಮುದ್ರಣಾಲಯದವರು ಒಂದು ದಪ್ಪ ಪುಸ್ತಕದ ಕರಡು ಕಳಿಸಿದ್ದರು, ನಾನು ತಿದ್ದಿ ವಾಪಸು ಕಳಿಸಿದಾಗ ಎರಡು ಹಾಳೆ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಮಾಲೀಕರು ಫೋನ್ ಮಾಡಿ, "ಸ್ವಾಮಿ, ವಿಷಯಕ್ಕೆ ಅಂಟಿಕೊಂಡಿರಿ ಅಂದಿದ್ದೆ, ಹಾಳೆಗಲ್ಲ" ಎಂದರು. ಆದರೆ ತಡಕ್ಕೆ ಕಾರಣ ಅದಲ್ಲ. ನಿನ್ನ ಹಿಂದಿನ ಕಾಗದ ಓದಿದ ಮೇಲೆ ಪೆನ್ನು ಹಿಡಿಯಲು ನನಗೆ ಮುಖವಿರಲಿಲ್ಲ.

ನೀನು ಬರೆದಿದ್ದೆ: ಇನ್ನೊಂದು ವರ್ಷ ಅಲ್ಲೇ ಇರುತ್ತೇನೆಂದು ಸಹಿ ಹಾಕಿದರೆ ಹವಾಮಾನ ಕೇಂದ್ರಕ್ಕೆ ನಿನ್ನನ್ನೇ ಮುಖ್ಯಸ್ಥೆ ಮಾಡುತ್ತಾರೆ, ತಿಂಗಳ ಕೊನೆಗೆ ಉತ್ತರ ಹೇಳಬೇಕು ಎಂದು. "ಮೊದಲಾಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಆದರೆ ಬುಗುರಿ ಮಾಡಿ ಕಳಿಸಿದ್ದನ್ನೆಲ್ಲ ಕಿಟಕಿಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದೇನೆ. ಎಷ್ಟು ಅಚ್ಚುಕಟ್ಟು! ಮನಸ್ಸು ನೆಮ್ಮದಿಯಾಗಿರುವ ಮಗು ಮಾತ್ರ ಹೀಗೆ ಮಾಡೋಕೆ ಸಾಧ್ಯ. ಅವುಗಳನ್ನು ನೋಡಿದಾಗಲೆಲ್ಲ ಧೈರ್ಯ ಬರುತ್ತೆ." ಹಾಗೆಂದು ಬರೆದಿದ್ದೆ.

ಆ ಅಚ್ಚುಕಟ್ಟು ಅವಳದ್ದಲ್ಲ ಕಣೇ. ಅವಳ ಕೈಚಳಕ ಎಂದು ನೀನು ತಿಳಿದದ್ದು ನನ್ನ ಕೈವಾಡ.

ಈಗ ಸಿಟ್ಟು ಮಾಡಿಕೊಂಡು ಕಾಗದ ಮಡಿಸಿಡಬೇಡ. ಪೂರ್ತಿ ಓದಿ ಆಮೇಲೆ ಮಾಡಿಕೋ.

ನೀನು ಹೊರಟ ದಿನ ದೋಣಿಕಟ್ಟೆಯಲ್ಲಿ ನನ್ನ ಅಂಗಿಯ ಗುಂಡಿ ಹಿಡಿದುಕೊಂಡು, "ಒಂದು ಸಲ 'ಆಗ್ತಿಲ್ಲ' ಅಂತ ಬರೆದ್ರೂ ಸಾಕು, ಮುಂದಿನ ದೋಣಿಗೆ ವಾಪಸ್ ಬಂದ್ಬಿಡ್ತೀನಿ" ಅಂದಿದ್ದೆಯಲ್ಲ, ಆಗಲೇ ನಾನು ಆ ಪದವನ್ನು ನಿಘಂಟಿನಿಂದ ಕಿತ್ತುಹಾಕಿದೆ. ಮಗುವಿಗೆ ಬೇಸರ ಬರಬಾರದು, ಸಂಜೆಗಳು ತುಂಬಿರಬೇಕು. ಮನೆಯಲ್ಲಿ ಬಿಸಾಡುವ ವಸ್ತುವನ್ನೆಲ್ಲ ಬಳಸಿ ಏನಾದರೂ ಮಾಡೋಣ ಎಂದು ಶುರುಮಾಡಿದೆ. ಮೇಣದಬತ್ತಿಯ ತುಂಡುಗಳನ್ನು ಕರಗಿಸಿ ಹೊಸ ಬತ್ತಿ ಮಾಡಲು ಹೋದೆವು. ಬತ್ತಿ ಆಗಲಿಲ್ಲ, ಒಲೆಗೊಂದು ಮೇಣದ ಅಂಗಿ ಆಯಿತು. ಮೈದಾ ಕುದಿಸಿ ಅಂಟು ಮಾಡಿದೆವು. ಮೊದಲ ಸಲ ಗಂಟು, ಎರಡನೆಯ ಸಲ ಗಂಜಿ, ಮೂರನೆಯ ಸಲ ಎಷ್ಟು ಒಳ್ಳೆಯ ಅಂಟೆಂದರೆ ಸೌಟನ್ನು ಪಾತ್ರೆಯಿಂದ ಬಿಡಿಸಲು ಇಬ್ಬರೂ ಎರಡು ಕಡೆ ಎಳೆದೆವು.

ಆ ಅಂಟಿನಿಂದ ಅವಳು ಮೊದಲು ಮಾಡಿದ್ದು ಪೆನ್ನಿನ ಡಬ್ಬಿ. ಖಾಲಿ ಬಾಟಲಿಯನ್ನು ನಾನು ಅರ್ಧಕ್ಕೆ ಕತ್ತರಿಸಿಕೊಟ್ಟೆ, ಅವಳು ಸುತ್ತ ಹುರಿ ಸುತ್ತಿದಳು. ಒಂದು ಸುತ್ತು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ, ನಡುವೆ ಬಾಟಲಿಯ ಹೊಟ್ಟೆ ಇಣುಕುತ್ತಿತ್ತು. "ಮುಟ್ಟಬೇಡ, ಸಂಜೆವರೆಗೂ ಒಣಗ್ಲಿ" ಎಂದು ಶಾಲೆಗೆ ಕಳಿಸಿದೆ. ನನ್ನ ಕೆಲಸ ನಿನಗೆ ಗೊತ್ತು. ತಪ್ಪು ಕಂಡರೆ ಸುಮ್ಮನಿರಲು ನನಗೆ ಯಾರೂ ಸಂಬಳ ಕೊಟ್ಟಿಲ್ಲ. ಕಾಫಿ ಹೀರುತ್ತಾ ಒಂದೇ ಒಂದು ಸುತ್ತು ಸರಿಪಡಿಸೋಣ ಎಂದುಕೊಂಡೆ. ಕಾಫಿ ತಣ್ಣಗಾಯಿತು, ಡಬ್ಬಿ ಪೂರ್ತಿ ಹೊಸದಾಯಿತು.

ಸಂಜೆ ಬಂದವಳು ಚೀಲ ಹೆಗಲಲ್ಲಿರುವಾಗಲೇ ಮೇಜಿನ ಹತ್ತಿರ ಓಡಿದಳು. "ಅಪ್ಪಾ! ಒಣಗಿದ್ಮೇಲೆ ಎಷ್ಟ್ ನೆಟ್ಟಗಾಗಿದೆ ನೋಡು!"

ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ಬಿಟ್ಟೆ, ಆದರೆ ಬೇರೆಯದಕ್ಕೆ. "ಹೂಂ ಮತ್ತೆ, ಒಣಗಿದ್ಮೇಲೆ ಎಲ್ಲಾ ಸರಿಹೋಗುತ್ತೆ" ಎಂದೆ.

ಆಮೇಲೆ ಅದು ನಮ್ಮ ಮನೆಯ ಪದ್ಧತಿಯೇ ಆಯಿತು. ಕಾಲುಚೀಲದ ಕರಡಿ ಬಂತು. ಕರಡು ತಿದ್ದುವವನ ಮನೆಯಲ್ಲಿ ಕರಡಿ ಹುಟ್ಟಿದರೆ ಅದನ್ನೂ ತಿದ್ದದೆ ಇರುತ್ತಾನೆಯೇ? ಕಿವಿಗಳನ್ನು ಒಂದೇ ಮಟ್ಟಕ್ಕೆ ತಂದೆ, ಕಣ್ಣಿನ ಗುಂಡಿಗಳನ್ನು ಬಿಚ್ಚಿ ಮತ್ತೆ ಹೊಲಿದೆ. ನಿನ್ನ ಕೆಲಸದ ನೆನಪಿಗೆಂದು ಅವಳು ಮಾಡಿದ, ಗಾಳಿಯ ದಿಕ್ಕು ತೋರಿಸುವ ಗಾಳಿಕೋಳಿ ಬಂತು. ಎಲ್ಲವೂ ಪೊಟ್ಟಣವಾಗಿ ನಿನ್ನ ಕಡೆಗೆ ಬಂದವು. ನಿನ್ನಿಂದ ಹೊಗಳಿಕೆ ಬರತೊಡಗಿತು: ಮಗು ನಿಮ್ಮ ಕೈಯಲ್ಲಿ ಅರಳುತ್ತಿದೆ ಎಂದು. ಸುಳ್ಳು ಹೇಳುವುದಿಲ್ಲ, ಆ ಸಾಲನ್ನು ನಾನು ನಾಲ್ಕಾರು ಸಲ ಓದಿಕೊಂಡೆ. ನಿನಗೆ ಚಿಂತೆಯಾಗಬಾರದೆಂದು ಶುರುವಾದದ್ದು, ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಉಪಯೋಗಕ್ಕೆ ಬಂತು.

ಈಗ ಶಾಲೆಯ ಕಥೆ.

ಕಳೆದ ವಾರ ಅವಳ ತರಗತಿಯ ಮಕ್ಕಳೆಲ್ಲ ರಟ್ಟಿನಲ್ಲಿ ತಮ್ಮ ತಮ್ಮ ಮನೆ ಮಾಡಬೇಕಿತ್ತು. ಮರುದಿನ ಟೀಚರ್ ನನ್ನನ್ನು ಕರೆಸಿದರು. ಒಳ್ಳೆಯ ಹೆಂಗಸು, ಕೈತುಂಬ ಬಣ್ಣ ಮೆತ್ತಿಕೊಂಡೇ ಮಾತಾಡಿದರು.

"ಸರ್, ಗೋಡೆ ವಾಲ್ತಾ ಇದೆ, ಒಣಗೋವರೆಗೂ ಒತ್ತಿ ಹಿಡ್ಕೋ ಪುಟ್ಟಾ ಅಂದೆ. 'ಬೇಡ ಟೀಚರ್, ಬಿಟ್ರೆ ತಾನೇ ನೆಟ್ಟಗಾಗುತ್ತೆ' ಅಂದ್ಲು. ಪಕ್ಕದಲ್ಲಿರೋರಿಗೂ ಹಿಡ್ಕೋಬೇಡಿ ಅಂತ ಹೇಳ್ಕೊಟ್ಟಿದ್ದಾಳೆ. ಬೆಳಿಗ್ಗೆ ಬಂದು ನೋಡಿದ್ರೆ ಒಂದು ಬೆಂಚಿನ ಮನೆಗಳೆಲ್ಲ ಮಲ್ಕೊಂಡಿವೆ." ಅವರು ದನಿ ತಗ್ಗಿಸಿ, ನಿಜವಾದ ಆಸಕ್ತಿಯಿಂದ ಕೇಳಿದರು: "ಮನೇಲಿ ಯಾವ ಅಂಟು ಸರ್ ನೀವು ಬಳಸೋದು? ಹೇಗೆ ಮಾಡ್ತೀರಿ ಅಂತ ನನಗೂ ಸ್ವಲ್ಪ ಹೇಳ್ಕೊಡಿ."

ನಾನು ಹೇಳಿಕೊಟ್ಟೆ. ಮೈದಾ ಇಷ್ಟು, ನೀರು ಇಷ್ಟು, ಕೈ ಬಿಡದೆ ತಿರುವುತ್ತಿರಬೇಕು ಎಂದು. ಅವರು ಬರೆದುಕೊಂಡರು. ನಿನ್ನ ಗಂಡ ಎಂಥ ಮನುಷ್ಯ ನೋಡು.

ಮನೆಗೆ ಬರುವ ದಾರಿಯಲ್ಲಿ ಬುಗುರಿ, "ಆ ಎರಡು ಜಡೆಯೋಳು ನನ್ನ ಮನೆ ನೋಡಿ, ಬಿದ್ದೋಗಿರೋ ಮನೇಲಿರ್ತೀರಾ ನೀವು ಅಂದ್ಲು" ಎಂದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ನಾನು ಹೇಳಿದ್ದೇನು ಗೊತ್ತೇ? "ಅದು ಸ್ಕೂಲಿನ ಅಂಟು ಸರಿಯಿಲ್ಲ ಬಿಡು." ಅವಳ ಮುಖ ಅರಳಿತು. ಮರುದಿನ ನಮ್ಮ ಅಂಟನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋದಳು, ಅದೇ ಬೆಂಚಿನವರಿಗೆಲ್ಲ ಹಂಚಿದಳು, ನಾಳೆ ಬೆಳಿಗ್ಗೆ ನೋಡ್ಕೊಳ್ಳಿ ಎಂದು ಮಾತು ಕೊಟ್ಟಳು. ಆ ಮರುದಿನ ಬೆಳಿಗ್ಗೆ ನಾನು ಅವಳ ಶೂ ಲೇಸು ಕಟ್ಟುತ್ತಿದ್ದೆ. ಅವಳು ಖುಷಿಗೆ ಒಂದೇ ಕಾಲಲ್ಲಿ ಕುಣಿಯುತ್ತಿದ್ದಳು. ಆಗಲೂ ಹೇಳಲಿಲ್ಲ. ಲೇಸಿಗೆ ಎರಡು ಗಂಟು ಹಾಕಿ ಕಳಿಸಿದೆ.

ಸಂಜೆ ಬಂದವಳು ಖಾಲಿ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ನಾನು, "ಇವತ್ತೇನು ಮಾಡೋಣ?" ಎಂದೆ. "ನೀನೇ ಮಾಡಪ್ಪ, ನಂಗೆ ಬರಲ್ಲ" ಎಂದಳು. ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ಗಂಟೆ ಎಷ್ಟು ಎಂದು ಕೇಳಿದರೆ ಹೇಳುತ್ತಾರಲ್ಲ, ಹಾಗೆ ಹೇಳಿದಳು.

ನಿನ್ನೆ ಭಾನುವಾರ. ಅವಳನ್ನು ಮೇಜಿನ ಮೇಲೆ ಕೂರಿಸಿಕೊಂಡು, "ಬುಗುರಿ, ಒಣಗಿದ್ರೆ ಯಾವುದೂ ನೆಟ್ಟಗಾಗಲ್ಲ. ನೀನು ಸ್ಕೂಲಿಗೆ ಹೋದ್ಮೇಲೆ ನಾನೇ ಸರಿ ಮಾಡಿಡ್ತಿದ್ದೆ" ಎಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. "ಎಲ್ಲಾನೂ?"

"ಎಲ್ಲಾ ಅಲ್ಲ. ಸ್ವಲ್ಪ ಸ್ವಲ್ಪ."

"ಪೆನ್ನಿನ ಡಬ್ಬಿ?"

"ಹೂಂ."

"ಕರಡಿ?"

"ಕಿವಿ ಮಾತ್ರ."

"ಕಣ್ಣು?"

"ಕಣ್ಣೂನು."

"ಹೊಟ್ಟೆ?"

"ಹೊಟ್ಟೆ ನಿಂದೇ, ಹೊಟ್ಟೆ ಮುಟ್ಟಿಲ್ಲ."

"ಗಾಳಿಕೋಳಿ?"

"ಅದು ಪೂರ್ತಿ ನಾನೇ ಕಂದ."

"ಹೌದಾ," ಎಂದಳು. "ನಾನ್ ಮಾಡಿದ್ದಕ್ಕೆ ಬಾಲ ಇರ್ಲಿಲ್ಲ. ಒಣಗಿದ್ರೆ ಬಾಲಾನೂ ಬರುತ್ತೆ ಅನ್ಕೊಂಡಿದ್ದೆ."

ನನಗೆ ನಗು ಬಂತು, ನಗಲು ಆಗಲಿಲ್ಲ. ಯಾಕೆಂದರೆ ಅವಳು ಮುಂದಿನ ಪ್ರಶ್ನೆ ಕೇಳಿಯಾಗಿತ್ತು. "ಬಾಲ ಇಲ್ದಿರೋದು ಎಲ್ಲಿದೆ?"

ಬಿಸಾಡಿದ್ದೆ. ಅದನ್ನೂ ಹೇಳಿದೆ. ಅವಳು ಬಾಗಿಲ ಹಿಂದಿನ ಕಸದ ಬುಟ್ಟಿಯತ್ತ ಒಮ್ಮೆ ನೋಡಿದಳು. ಅದನ್ನು ಬಿಸಾಡಿ ಎಷ್ಟೋ ವಾರಗಳಾಗಿವೆ ಎಂದು ಅವಳಿಗೂ ಗೊತ್ತು. ಆದರೂ ನೋಡಿದಳು. ನನ್ನ ತಪ್ಪುಗಳನ್ನು ಯಾರಾದರೂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸುವುದಾದರೆ ಆ ನೋಟವೊಂದಕ್ಕೇ ಒಂದು ಪುಟ ಬೇಕಾಗುತ್ತದೆ.

ಇಷ್ಟು ಹೇಳಿದ್ದು ನಿನ್ನನ್ನು ವಾಪಸು ಕರೆಯಲಿಕ್ಕಲ್ಲ. ಮಗು ಚೆನ್ನಾಗಿಲ್ಲ ಎಂದೂ ನಾನು ಹೇಳುತ್ತಿಲ್ಲ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ನನ್ನ ತಲೆ ತಿನ್ನುತ್ತಾಳೆ. ಅವಳು ನೆಮ್ಮದಿಯಾಗಿದ್ದಾಳೆ ಎಂಬುದಕ್ಕೆ ನಾನು ನಿನಗೆ ಕಳಿಸಿದ ಸಾಕ್ಷಿ ಮಾತ್ರ ಕಳ್ಳಸಾಕ್ಷಿ. ಆ ಜಾಗಕ್ಕೆ ನಿನಗಿಂತ ತಕ್ಕವರಿಲ್ಲ. ನಿನ್ನ ಹೆಸರಿನ ಮುಂದೆ ಮುಖ್ಯಸ್ಥೆ ಎಂದು ಅಚ್ಚಾಗುವುದನ್ನು ನೋಡಲು ನನಗಿಂತ ಆಸೆಯಿರುವವರೂ ಇಲ್ಲ. ಆದರೆ ನೀನು ಸಹಿ ಹಾಕುವುದಾದರೆ ಕಿಟಕಿಯಲ್ಲಿರುವ ಆ ಸಾಲನ್ನು ನೋಡಿ ಹಾಕಬೇಡ. ಬೇಡವೆನ್ನುವುದಾದರೂ ನನ್ನ ಮೇಲಿನ ಸಿಟ್ಟಿಗೆ ಬೇಡವೆನ್ನಬೇಡ. ಇರು ಎಂದರೂ ಬಾ ಎಂದರೂ ನಿನ್ನ ಮನಸ್ಸನ್ನೂ ನಾನೇ ನೆಟ್ಟಗೆ ಮಾಡಿದಂತಾಗುತ್ತದೆ. ಅದಕ್ಕೆ ಎರಡನ್ನೂ ಹೇಳುತ್ತಿಲ್ಲ.

ಮೊಣಕೈಗೆ ಬಿಸಿನೀರಿನ ಶಾಖ ಕೊಡು. ನಿನ್ನ ಕಡಲು ಶಾಂತವಾಗಿರಲಿ, ದೋಣಿಗಳು ಹೊತ್ತಿಗೆ ಬರಲಿ, ನೀನು ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ಇನ್ನೂ ಅಚ್ಚಿಗೆ ಯೋಗ್ಯನಾಗದ,
ನಿನ್ನ ಕರಡು ಗಂಡ

ತಾ.ಕ.: ಮೇಲೆ ಒಂದು ಮಾತು ಬಿಟ್ಟಿದ್ದೇನೆ. ಬಿಟ್ಟು ಲಕೋಟೆ ಅಂಟಿಸಿಯೂ ಆಗಿತ್ತು, ಮತ್ತೆ ಹರಿದೆ.

ನಿನ್ನೆ ಕಸದ ಬುಟ್ಟಿಯಿಂದ ಕಣ್ಣು ತೆಗೆದು ಅವಳು ಕೇಳಿದ್ದು: "ಹಂಗಾದ್ರೆ ಅಮ್ಮ ಬರಲ್ವಾ?"

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದೆ. ಕರಡಿ ತಲುಪಿದಾಗ ನೀನು ಬರೆದಿದ್ದೆಯಲ್ಲ, "ಇಷ್ಟು ಚೆನ್ನಾಗಿ ಮಾಡೋ ಜಾಣೆಯನ್ನ ನೋಡೋಕೆ ಈಗಲೇ ಓಡಿ ಬರಬೇಕು ಅನಿಸುತ್ತೆ" ಎಂದು. ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದವನು ನಾನೇ. ನಿನ್ನ ಸಾಲಿನಲ್ಲಿ ತಪ್ಪಿಲ್ಲ, ಯಾವ ತಾಯಿಯೂ ಬರೆಯುವ ಸಾಲು. ಅಂದಿನಿಂದ ಅವಳು, ಇನ್ನೂ ಸ್ವಲ್ಪ ಚೆನ್ನಾಗಿ ಮಾಡಿದರೆ ಅಮ್ಮ ಬಂದೇಬಿಡುತ್ತಾಳೆ ಎಂದು ಮಾಡುತ್ತಿದ್ದಳಂತೆ. ಪ್ರತಿಯೊಂದನ್ನೂ. ನೀನು ಬರಲೆಂದು ಅವಳು ಮಾಡಿದ್ದನ್ನು, ನೀನು ನಿಶ್ಚಿಂತೆಯಿಂದ ಅಲ್ಲೇ ಇರಲೆಂದು ನಾನು ತಿದ್ದಿ ತಿದ್ದಿ ಕಳಿಸಿದೆ.

ಈಗ ಸಂಜೆ. ಶಾಲೆಯಿಂದ ಬಂದವಳು ಕತ್ತರಿ, ರಟ್ಟು ತೆಗೆದುಕೊಂಡು ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕಿದ್ದಾಳೆ. "ಅಮ್ಮಂಗೆ ಮಾಡ್ತಿದೀನಿ, ನೀನು ಒಳಗೆ ಬರಬಾರ್ದು. ಪೊಟ್ಟಣಾನೂ ನಾನೇ ಕಟ್ತೀನಿ" ಎಂದು ಬಾಗಿಲ ಆಚೆಯಿಂದ ಹೇಳಿದಳು. ನಾನು ಹೊಸ್ತಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಏನೋ ಬಿದ್ದ ಸದ್ದು ಬಂತು. ಈಗ ಮತ್ತೆ ಬಂತು. ಅದೇನೆಂದು ನನಗೆ ಗೊತ್ತಿಲ್ಲ. ಬಿಚ್ಚಿ ನೋಡಿದಾಗ ನಿನಗೂ ಗೊತ್ತಾಗದಿದ್ದರೆ, ದಯವಿಟ್ಟು ಚೆನ್ನಾಗಿದೆ ಎಂದು ಬರೆಯಬೇಡ. ಇದು ಏನು ಎಂದು ಅವಳನ್ನೇ ಕೇಳಿ ಬರೆ.