ಪಕ್ಕದ ಸೀಟಿನ ಮೇಲೆ ಹಾಸಿದ ಟವೆಲ್

ಫೆಬ್ರವರಿ ಮೂವತ್ತೈದು, ಎರಡು ಸಾವಿರದ ನೂರ ಎಪ್ಪತ್ತೊಂದು
ರಾಯಚೂರು ಸೀಮೆ, ಹಾರುನೆಲೆಯ ಹೊರಬೇಲಿ

ಒಟ್ಟಿಗೆ ಕೂರಬಹುದಾಗಿದ್ದ ಕಾಲದ ಜನರಿಗೆ,

ವಿಮಾನ ಕಂಪನಿಯವರು ಕೊಟ್ಟ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಮಗುವಿನ ಪಕ್ಕ ತಾಯಿ ಕೂರುತ್ತಾಳೆ ಅಂದರು, ಕೂರಿಸಲಿಲ್ಲ. ಕಣ್ಣು ಕಾಣದವರ ಪಕ್ಕ ಅವರ ಕೈಹಿಡಿದು ಬಂದವರು ಕೂರುತ್ತಾರೆ ಅಂದರು, ಕೂರಿಸಲಿಲ್ಲ. ಬೇಸಿಗೆಗೆ ಹೋದವರನ್ನು ಮಳೆಗಾಲಕ್ಕೆ, ಹೋದ ಹಾಗೇ ಜೊತೆಜೊತೆಯಾಗಿ, ವಾಪಸ್ ತರುತ್ತೇವೆ ಅಂದರು, ತರಲಿಲ್ಲ. ದೂರು ಕೇಳುವುದಕ್ಕೆ ಒಬ್ಬ ಮನುಷ್ಯ ಇರುತ್ತಾನೆ ಅಂದರು. ಒಂದು ದನಿ ಇದೆ, ಮನುಷ್ಯ ಇಲ್ಲ.

ಮೇಲಿನ ತಾರೀಖು ನೋಡಿ ನಗಬೇಡಿ. ಮೇ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಉಸಿರಾಡುವವರು ಯಾರೂ ಇಲ್ಲ, ಎಲ್ಲರನ್ನೂ ಹಾರಿಸಿರುತ್ತಾರೆ. ಹಾಗಾಗಿ ಕಂಪನಿಗಳು ಮೇ ತಿಂಗಳ ದಿನಗಳನ್ನು ಕಿತ್ತು ಫೆಬ್ರವರಿಗೆ ಹೊಲಿದಿವೆ. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರ ಅನಿಸಬಹುದು. ಅದಕ್ಕೆ ಕ್ಷಮೆ ಕೇಳುತ್ತೇನೆ. ಬೇರೆ ಯಾವುದಕ್ಕೂ ಕೇಳುವುದಿಲ್ಲ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ವಿಚಾರಿಸಬೇಡಿ, ಮುಟ್ಟಿದರೆ ಓದಿ.

ನನ್ನ ಹೆಸರು ಸಾಬಮ್ಮ. ಒತ್ತುಸಾಲು ಸಂಘದವಳು. ಪಕ್ಕಪಕ್ಕ ಕೂರುವ ಹಕ್ಕಿಗಾಗಿ ಹೊಡೆದಾಡುವವರ ಸಂಘ ಅದು. ಇಷ್ಟು ಸಣ್ಣ ವಿಷಯಕ್ಕೂ ಸಂಘ ಬೇಕೇ ಎಂದು ನೀವು ಕೇಳುತ್ತೀರಿ, ಗೊತ್ತು. ನಿಮ್ಮ ಮೊಮ್ಮಕ್ಕಳೂ ಹಾಗೇ ಕೇಳಿದರು.

ನಮ್ಮ ಬದುಕು ಹೀಗಿದೆ. ಬಿಸಿಲು ಏರುವ ಮೊದಲು ಊರೂರನ್ನೇ ಎತ್ತಿ ತಂಪುನೆಲೆಗಳಿಗೆ ಸಾಗಿಸುತ್ತಾರೆ. ಇದಕ್ಕೆ ನಾವು ಬಿಸಿಲುಗುಳೆ ಅನ್ನುತ್ತೇವೆ. ಬಸ್ಸಿಲ್ಲ, ರೈಲಿಲ್ಲ, ಹಳಿಗಳು ಬಿಸಿಲಿಗೆ ಹಾವಿನಂತೆ ಸುರುಳಿಬಿದ್ದು ಎಷ್ಟೋ ಕಾಲವಾಯಿತು. ಇರುವುದು ವಿಮಾನ ಒಂದೇ, ಅದೂ ತುಂಡುವಿಮಾನ. ಮುಂದಿನ ತುಂಡು, ನಡುವಿನ ತುಂಡು, ಹಿಂದಿನ ತುಂಡು ಒಂದಾಗಿ ಏರುತ್ತವೆ. ಆಕಾಶದಲ್ಲಿ ನಡುವೆ ಗೋಡೆ ಇಳಿಯುತ್ತದೆ, ತುಂಡುಗಳು ಬಿಡಿಸಿಕೊಂಡು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಮುಂದಿನದು ಘಟ್ಟದ ಮೇಲಿನ ಗುಡಾರಗಳಿಗೆ, ನಡುವಿನದು ಸಮುದ್ರದ ತೇಲುಕಟ್ಟೆಗೆ, ಹಿಂದಿನದು ಉತ್ತರದಲ್ಲಿ ಹಿಮ ಕರಗಿ ಬತ್ತಲಾದ ಬಯಲಿಗೆ. ನೀವು ಯಾವ ಸಾಲಿನಲ್ಲಿ ಕೂತಿರೋ ಅದೇ ನಿಮ್ಮ ಊರು. ಸಾಲು ಗೊತ್ತು ಮಾಡುವುದು ಒಂದು ಯಂತ್ರ. ಕಂಪನಿ ಅದಕ್ಕೆ ಏನೋ ಚೆಂದದ ಹೆಸರಿಟ್ಟಿದೆ. ನಮ್ಮ ಜನ ಚೆದುರಪ್ಪ ಅನ್ನುತ್ತಾರೆ. ಯಾರ ಮನೆಯಲ್ಲಾದರೂ ಗಂಡಹೆಂಡತಿ ಜಗಳವಾದರೆ, “ಸುಮ್ನಿರ್ರಿ, ಚೆದುರಪ್ಪ ಕೇಳಿಸ್ಕೊಂಡಾನು” ಎಂದು ಗದರುತ್ತಾರೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಶುರು ಮಾಡಿದವರು ನೀವು. ಕಿಟಕಿಯ ಸೀಟು ಬೇಕೆಂದರೆ ಬೇರೆ ದುಡ್ಡು ಅಂದಾಗ ಕೊಟ್ಟಿರಿ. ಹೆಂಡತಿಯ ಪಕ್ಕ ಕೂರಬೇಕೆಂದರೆ ದುಡ್ಡು ಅಂದಾಗಲೂ ಕೊಟ್ಟಿರಿ. ಕೊಡಲಾಗದವರ ಮಕ್ಕಳು ಎಲ್ಲೋ ಹಿಂದೆ ಅಪರಿಚಿತರ ನಡುವೆ ಕೂತು ಅತ್ತಾಗ, “ಎರಡು ಗಂಟೆ ತಾನೇ” ಅಂದಿರಿ. ನಿಮ್ಮ ಕಾಲದ ಚಿತ್ರಗಳನ್ನು ನಾವು ಸಂಘದ ತರಗತಿಗಳಲ್ಲಿ ನೋಡುತ್ತೇವೆ. ಒಬ್ಬ ತಾಯಿ ಕಂಕುಳಲ್ಲಿ ಕೂಸು ಹೊತ್ತು ವಿಮಾನದ ಓಣಿಯಲ್ಲಿ ನಿಂತಿದ್ದಾಳೆ. “ಸ್ವಲ್ಪ ಆ ಕಡೆ ಕೂರ್ತೀರಾ ಸರ್” ಎಂದು ಒಬ್ಬೊಬ್ಬರನ್ನೇ ಬೇಡುತ್ತಿದ್ದಾಳೆ. ಕಿವಿಗೆ ಬಿರಡೆ ಹಾಕಿಕೊಂಡವನೊಬ್ಬ ತಲೆಯೆತ್ತದೆ ಹೇಳುತ್ತಾನೆ: “ನಾನು ಮೊದಲೇ ಸೆಲೆಕ್ಟ್ ಮಾಡಿದೀನಿ.” ಅವನು ಕೆಟ್ಟವನಲ್ಲ. ಅವನು ಕೊಂಡಿದ್ದ. ಆ ತಾಯಿಗೂ ಅವನಿಗೂ ಜಗಳ ಹಚ್ಚಿ ಮಾರಿದವನು ಆ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ನೋಡಬೇಕಾದದ್ದು ಅದು.

ಆಮೇಲೆ ಕಾನೂನು ಬಂತು. ಕುಟುಂಬಗಳನ್ನು ಸಾಧ್ಯವಾದ ಮಟ್ಟಿಗೆ ಒಟ್ಟಿಗೆ ಕೂರಿಸತಕ್ಕದ್ದು. ಜನ ಸಿಹಿ ಹಂಚಿದರಂತೆ. ಸಾಧ್ಯವಾದ ಮಟ್ಟಿಗೆ ಎಂಬ ಆ ಎರಡು ಮಾತನ್ನು ಯಾರೂ ಓದಲಿಲ್ಲ. ಮುಂದಿನ ತಲೆಮಾರಿನಲ್ಲಿ ಕುಟುಂಬ ಅಂದರೆ ಯಾರು ಎಂದು ಬರೆದರು. ಅಜ್ಜಿ ಬಿದ್ದುಹೋದಳು, ಚಿಕ್ಕಮ್ಮ ಬಿದ್ದುಹೋದಳು, ಸಾಕಿದವರು ಬಿದ್ದುಹೋದರು. ಅದರಾಚೆಯ ತಲೆಮಾರಿನಲ್ಲಿ ಒಟ್ಟಿಗೆ ಅಂದರೆ ಏನು ಎಂದು ಬರೆದರು: ಒಂದೇ ವಿಮಾನದಲ್ಲಿ ಹತ್ತಿದವರು ಒಟ್ಟಿಗೆ ಇದ್ದವರು. ಅಲ್ಲಿಗೆ ಮುಗಿಯಿತು. ವಿಮಾನವನ್ನು ತುಂಡು ಮಾಡುವ ವಿದ್ಯೆ ಆಮೇಲೆ ಬಂತು, ಆದರೆ ತುಂಡು ಮಾಡುವ ಅಪ್ಪಣೆ ಮೊದಲೇ ಸಿದ್ಧವಾಗಿತ್ತು.

ಈಗ ನನ್ನ ಅಕ್ಕನ ವಿಷಯ ಹೇಳಬೇಕು.

ಅಕ್ಕ ಹುಲಿಗೆಮ್ಮ ನಮ್ಮ ಸಂಘ ಕಟ್ಟಿದವಳು. ಅವಳು ಹುಡುಕಿದ ದಾರಿಗೆ ಅದಲುಬದಲು ಎಂದು ಹೆಸರು. ಬಾಗಿಲು ಮುಚ್ಚಿದ ಮೇಲೆ, ಸೊಂಟಪಟ್ಟಿಗಳು ತಾವಾಗಿ ಬೀಗ ಹಾಕಿಕೊಳ್ಳುವ ಮುಂಚೆ, ಸಾಮಾನು ಎತ್ತಿಡಲು ಸ್ವಲ್ಪ ಹೊತ್ತು ನಿಲ್ಲಲು ಬಿಡುತ್ತಾರೆ. ಅಷ್ಟರಲ್ಲಿ ಎಲ್ಲರೂ ಎದ್ದು, ಮೊದಲೇ ಸಭೆಯಲ್ಲಿ ಗೊತ್ತು ಮಾಡಿಕೊಂಡ ಹಾಗೆ, ತಮ್ಮವರ ಪಕ್ಕ ಹೋಗಿ ಕೂರಬೇಕು. ಬೀಗ ಬಿದ್ದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಸಂಘದ ನಿಯಮ ಒಂದೇ: ಮುಂದಾಳುಗಳು ಕೊನೆಗೆ ಕೂರಬೇಕು. ಮೊದಲು ಜನ, ಆಮೇಲೆ ನಾವು.

ಐದು ವರ್ಷದ ಹಿಂದೆ ಚೆದುರಪ್ಪ ಅಕ್ಕನನ್ನು ಹಿಂದಿನ ತುಂಡಿಗೂ, ಅವಳ ಮಗಳು ಹೊನ್ನಿಯನ್ನೂ ನನ್ನನ್ನೂ ಮುಂದಿನ ತುಂಡಿಗೂ ಎಸೆದಿದ್ದ. ಹೊನ್ನಿಗೆ ಆಗ ಆರು ವರ್ಷ. ಅವಳ ಇನ್ನೊಂದು ಪಕ್ಕದಲ್ಲಿದ್ದ ಒಂಟಿಯಾಳು ಮಾತಿನಂತೆ ಎದ್ದು ಹಿಂದೆ ತೆರವಾದ ಬೇರೊಂದು ಸೀಟಿಗೆ ಹೋದ. ಖಾಲಿಯಾದ ಸೀಟಿನ ಮೇಲೆ ನಾನು ಅಕ್ಕನ ಕೆಂಪು ಟವೆಲ್ ಹಾಸಿದೆ. ನಮ್ಮ ಮುತ್ತಜ್ಜಿಯ ಅಜ್ಜಿ, ಅಂದರೆ ನಿಮ್ಮ ಕಾಲದವಳು, ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಇಡೀ ಸಾಲು ಹಿಡಿಯುತ್ತಿದ್ದಳಂತೆ. ಟವೆಲ್ ಬಿದ್ದ ಸೀಟನ್ನು ಕಳ್ಳನೂ ಮುಟ್ಟುತ್ತಿರಲಿಲ್ಲವಂತೆ. ಬಸ್ಸು ಹೋದರೂ ಆ ರೂಢಿ ನಮ್ಮಲ್ಲಿ ಉಳಿದಿದೆ. ಸಭೆಯಲ್ಲಿ, ಊಟದ ಸಾಲಿನಲ್ಲಿ, ಹೆಣದ ಪಕ್ಕದಲ್ಲಿ ಕೂಡ ಬರುವವರಿಗಾಗಿ ಟವೆಲ್ ಹಾಸುತ್ತೇವೆ. ಅದು ನಮ್ಮಲ್ಲಿ ಮಾತು ಕೊಟ್ಟ ಹಾಗೆ.

ಅಕ್ಕ ಸಾಮಾನಿನ ಮುಚ್ಚಳದ ಮೇಲೆ ಹಲಗೆ ಬಡಿದ ಹಾಗೆ ಬಡಿದಳು. ಜನ ಎದ್ದರು. ಎದ್ದವರು ಕೂರಬೇಕಲ್ಲ, ಅಲ್ಲೇ ಕೆಟ್ಟಿತು. ಚಾಂದಬಿ ಎಂಬ ಬಾಣಂತಿ ಕೂಸು ಎತ್ತಿಕೊಂಡು ನಿಂತಿದ್ದಳು, ಅವಳ ಎದುರಿಗೆ ಮುದುಕ ಯಂಕೋಬ ತನ್ನ ಹೆಂಡತಿ ಮಾರೆವ್ವನ ಜೊತೆ.

“ನೀವು ಹಿರೇರು, ಮೊದ್ಲ ನೀವು ಕುಂದರ್ರಿ ಕಾಕಾ” ಅಂದಳು ಚಾಂದಬಿ.

“ಹಸಿಗೂಸಿನಾಕಿ ನಿಂತಾಗ ನಾ ಹ್ಯಾಂಗ ಕುಂದ್ರಲಿ. ನೀ ಕುಂದ್ರವ್ವ.”

“ನೀವು ಕುಂದ್ರೂತನ ನಾ ಕುಂದ್ರಂಗಿಲ್ಲ.”

ಮಾರೆವ್ವ ನಡುವೆ ಬಾಯಿ ಹಾಕಿದಳು: “ಇವಗ ಕುಂದ್ರಾಕ ಹೇಳಬ್ಯಾಡವ್ವ, ಮನ್ಯಾಗ ಒಂದು ದಿನ ನನ್ನ ಬಾಜೂಕ ಕುಂತವನಲ್ಲ. ಈಗ ಹೋರಾಟ ಮಾಡಿ ಕುಂದ್ರಸಾಕತ್ತೀವಿ.”

ಸುತ್ತಲಿದ್ದವರು ನಕ್ಕರು. ವಿಮಾನದ ಉದ್ದಕ್ಕೂ ಇದೇ ನಡೆದಿತ್ತು, ನೀವು ಮೊದಲು, ಇಲ್ಲ ನೀವು ಮೊದಲು. ಒದೆ ತಿಂದು ಬೆಳೆದ ಜನ, ಇನ್ನೊಬ್ಬರನ್ನು ತಳ್ಳಿ ಕೂರುವುದನ್ನು ಮಾತ್ರ ಕಲಿಯಲಿಲ್ಲ. ಅಕ್ಕ ಒಬ್ಬೊಬ್ಬರ ತೋಳು ಹಿಡಿದು ಕೂರಿಸುತ್ತ ಬಂದಳು. ಹೊನ್ನಿ ಕೂಗಿದಳು, ನಾನೂ ಕೂಗಿದೆ, “ಯಕ್ಕಾ, ಬಾರಬೇ.” ಅವಳು ಯಂಕೋಬನ ಹೆಗಲು ಒತ್ತಿ ಕೂರಿಸುತ್ತಲೇ ಹೇಳಿದಳು:

“ಬಂದೆ ತಡಿ. ಇನ್ನೊಂದು ಮನಿ ಉಳದೈತಿ.”

ಬೀಗ ಬಿತ್ತು. ಭಾರವಿಲ್ಲದ ಸೀಟು ತಾನಾಗಿ ಮಡಚಿಕೊಳ್ಳುತ್ತದೆ, ಆ ವರ್ಷದ ಹೊಸ ವಿಮಾನದ ವ್ಯವಸ್ಥೆ ಅದು. ಚೆದುರಪ್ಪನಿಗೆ ಟವೆಲ್ ಅಂದರೆ ಏನು ಗೊತ್ತು? ಅವನು ಭಾರ ನೋಡುತ್ತಾನೆ, ಮಾತು ನೋಡುವುದಿಲ್ಲ. ಸೀಟು ಟವೆಲನ್ನು ಕಚ್ಚಿಕೊಂಡು ಮುಚ್ಚಿತು, ಒಂದು ಕೆಂಪು ಅಂಚು ಮಾತ್ರ ಹೊರಗೆ ಉಳಿಯಿತು. ಕಾವಲಿನವರು ಅಕ್ಕನನ್ನು ತೆರೆದಿದ್ದ ಒಂದೇ ಸೀಟಿಗೆ ನಡೆಸಿಕೊಂಡು ಹೋದರು. ನಿಂತವಳಿಗಾಗಿ ಯಂತ್ರ ಮತ್ತೆ ತೆರೆದದ್ದು ಅದೊಂದನ್ನೇ, ಮೊದಲು ಅವಳಿಗೆ ಕೊಟ್ಟಿದ್ದ ಸೀಟು, ಹಿಂದಿನ ತುಂಡಿನದು.

ಗೋಡೆ ಇಳಿಯಿತು. ಹಿಂದಿನ ತುಂಡು ಬಿಡಿಸಿಕೊಂಡು ಉತ್ತರಕ್ಕೆ ವಾಲುವುದು ಕಿಟಕಿಯಲ್ಲಿ ಕಂಡಿತು. ಹೊನ್ನಿ ಕೇಳಿದಳು: “ಚಿಗವ್ವ, ಅವ್ವ ನಮ್ಮ ವಿಮಾನದಾಗ ಅದಾಳಲ್ಲ?”

ನಾವು ದೂರು ಕೊಟ್ಟೆವು. ದನಿ ಉತ್ತರ ಕೊಟ್ಟಿತು: ನಿಮ್ಮ ಮಾತಿನ ಪ್ರಕಾರವೇ ತಾಯಿ ಮತ್ತು ಮಗು ಒಂದೇ ವಿಮಾನ ಹತ್ತಿದ್ದಾರೆ, ಆದ್ದರಿಂದ ಒಟ್ಟಿಗೆ ಇದ್ದರು, ಪ್ರಯಾಣ ಸುಖಕರವಾಗಿತ್ತೆಂದು ನಂಬುತ್ತೇವೆ.

ಅಕ್ಕ ಇನ್ನೂ ಬಂದಿಲ್ಲ. ಬರುವ ಸೀಟನ್ನೂ ಕೊಡುವವನು ಚೆದುರಪ್ಪನೇ. ಉತ್ತರದ ಬಯಲಿನಲ್ಲಿ ಕೆಲಸಕ್ಕೆ ಕೈ ಬೇಕು, ಅಲ್ಲಿಂದ ಮರಳುವ ಸೀಟುಗಳು ಯಾಕೋ ಯಾವಾಗಲೂ ಭರ್ತಿ. ವರ್ಷಕ್ಕೊಮ್ಮೆ ದನಿಚೀಟಿ ಬರುತ್ತದೆ, ಒಂದು ಉಸಿರಿನಷ್ಟು ಮಾತು ಹಿಡಿಯುವ ಚೂರು ಅದು. ಮೊನ್ನೆ ಬಂದದ್ದು ಇಷ್ಟು: “ಇಲ್ಲಿ ಚಳಿ ಭಾಳ ಐತಿ. ಹೊನ್ನಿ ತಲಿಗೆ ಎಣ್ಣಿ ಹಚ್ರಿ. ಸಭಿ ಬಿಡಬ್ಯಾಡ್ರಿ.”

ಹೊನ್ನಿಗೆ ಈಗ ಹನ್ನೊಂದು. ಕಳೆದ ಸಭೆಯಲ್ಲಿ ಎದ್ದು ನಿಂತು, ಮುಂದಾಳುಗಳು ಕೊನೆಗೆ ಎಂಬ ಆ ನಿಯಮ ತೆಗೆಯಿರಿ ಅಂದಳು. “ನಮ್ಮವ್ವ ಮೊದ್ಲ ಕುಂತಿದ್ರ ಏನಾಗ್ತಿತ್ತು?” ಯಂಕೋಬ ನೆಲ ನೋಡುತ್ತ ಹೇಳಿದ: “ನಾವು ಕುಂದ್ರತಿರಲಿಲ್ಲವ್ವ. ಕಂಪನಿಯವರಿಗೂ ನಮಗೂ ಏನು ಫರಕು ಅಂತ ನಿಂತೇ ಇರತಿದ್ವಿ.” ಕೈ ಎತ್ತಿಸಿದೆವು. ನಿಯಮ ಉಳಿಯಿತು. ಹೊನ್ನಿ ಯಾವ ಕಡೆಗೂ ಕೈ ಎತ್ತಲಿಲ್ಲ. ಪಕ್ಕದ ಖಾಲಿ ಜಾಗದ ಮೇಲೆ ಹಾಸಿದ್ದ ಟವೆಲ್ಲನ್ನು ಮಡಚಿ ಎತ್ತಿಕೊಂಡು ಹೊರಗೆ ಹೋದಳು.

ಈ ವರ್ಷದ ಸೀಟುಗಳು ನಿನ್ನೆ ಗೊತ್ತಾಗಿವೆ. ಹೊನ್ನಿಯೂ ನಾನೂ ಮತ್ತೆ ಮುಂದಿನ ತುಂಡು. ಯಂಕೋಬ, ಮಾರೆವ್ವ ಹಿಂದಿನ ತುಂಡು, ಚೆದುರಪ್ಪ ಅವರಿಬ್ಬರನ್ನು ಪಕ್ಕಪಕ್ಕ ಹಾಕಿರುವುದು ಇದೇ ಮೊದಲು. ರಾತ್ರಿಯೆಲ್ಲ ಯೋಚಿಸಿದನೋ ಏನೋ, ಬೆಳಿಗ್ಗೆ ಯಂಕೋಬ ನಮ್ಮ ಬಾಗಿಲಿಗೆ ಬಂದ. ಕೂರು ಅಂದರೆ ಕೂರಲಿಲ್ಲ.

“ನನ್ನ ಸೀಟು ಹೊನ್ನಿಗೆ ಕೊಡ್ತೀನಿ. ಅವರವ್ವನ ಕಡಿ ಹೋಗಲಿ. ಅಕಿ ನನ್ನ ಕುಂದ್ರಸಾಕ ಹೋಗಿ ನಿಂತಾಕಿ.”

“ಮಾರೆವ್ವ ಏನಂತಾಳ?” ಎಂದು ಕೇಳಿದೆ.

“ಅಕಿನ ಕಳಿಸ್ಯಾಳ. ದಾರ್ಯಾಗ ನನ್ನ ಗೊರಕಿ ಕೇಳೂದು ತಪ್ಪತೈತಿ ಅಂದಳು.”

ಹಾಗಾದರೆ ಮಾರೆವ್ವ ಒಬ್ಬಳೇ ಉತ್ತರಕ್ಕೆ ಹೋಗಬೇಕು, ಅಲ್ಲಿಗೆ ಹೋದ ಮುದುಕರು ಮರಳಿದ್ದನ್ನು ನಾನು ಕಂಡಿಲ್ಲ. ಒಂದು ಜೋಡಿ ಕೂಡಬೇಕಾದರೆ ಇನ್ನೊಂದು ಜೋಡಿ ಒಡೆಯಬೇಕು, ಹಂಚಿಕೆಯೇ ಹಾಗಿದೆ. ಯಾರು ಯಾರಿಗೆ ಏನು ಬಿಟ್ಟುಕೊಟ್ಟರೂ ಒಡೆದವರ ಎಣಿಕೆ ಕಡಿಮೆಯಾಗುವುದಿಲ್ಲ. ಹೊನ್ನಿ ಹೋದರೆ ಅವಳೂ ಮರಳುವುದಿಲ್ಲ, ಅದೂ ನನಗೆ ಗೊತ್ತು. ಅವಳಿಗೂ ಗೊತ್ತು. ತನ್ನ ಗಂಟು ಕಟ್ಟಿ ಇಟ್ಟುಕೊಂಡಿದ್ದಾಳೆ. ಅದರ ಮೇಲೆ ಆ ಟವೆಲ್.

ನಿಮ್ಮನ್ನು ಕೇಳುವುದು ಒಂದೇ. ನಿಮ್ಮ ವಿಮಾನದ ಓಣಿಯಲ್ಲಿ ತಾಯಿಯೊಬ್ಬಳು ಕೂಸು ಹೊತ್ತು ನಿಂತಿದ್ದರೆ, ಅಯ್ಯೋ ಪಾಪ ಎಂದು ಎದ್ದು ಸೀಟು ಕೊಟ್ಟು ಒಳ್ಳೆಯವರಾಗಿ ಮನೆಗೆ ಹೋಗಬೇಡಿ. ಅದನ್ನು ನಾವು ಮಾಡಿದೆವು, ನಮಗಿಂತ ಚೆನ್ನಾಗಿ ಯಾರೂ ಮಾಡಲಾರರು, ಏನೂ ಆಗಲಿಲ್ಲ. ಎಲ್ಲರೂ ಒಟ್ಟಿಗೆ ಎದ್ದು ನಿಲ್ಲಿ. ಪಕ್ಕದಲ್ಲಿ ಕೂರುವುದನ್ನು ಮಾರುವುದು ನಿಲ್ಲುವ ತನಕ ಯಾರೂ ಕೂರಬೇಡಿ. ನಿಮ್ಮ ಸೀಟುಗಳು ಇನ್ನೂ ಮಡಚಿಕೊಳ್ಳುವುದಿಲ್ಲ. ನೀವು ನಿಲ್ಲುತ್ತೀರಿ ಎಂಬ ನಂಬಿಕೆ ನನಗಿಲ್ಲ. ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಆದರೂ ಬರೆದಿದ್ದೇನೆ, ಅಕ್ಕ ಸಭೆ ಬಿಡಬೇಡಿ ಅಂದಿದ್ದಾಳೆ.

ಯಂಕೋಬನ ಸೀಟನ್ನು ಹೊನ್ನಿ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ಮನೆಯಲ್ಲಿ ಗುಟ್ಟಾಗಿ ತೀರ್ಮಾನಿಸುವುದಿಲ್ಲ. ಸಂಘದ ಮುಂದೆ ಇಡುತ್ತೇವೆ. ಹೊನ್ನಿ ಕೈ ಎತ್ತಬೇಕಾಗುತ್ತದೆ, ನಾನೂ ಎತ್ತಬೇಕಾಗುತ್ತದೆ. ಸಭೆ ಫೆಬ್ರವರಿ ನಲವತ್ತು, ಭಾನುವಾರ, ಬೆಳಿಗ್ಗೆ ಐದು ಗಂಟೆಗೆ, ಹಳೆಯ ಬಸ್ ನಿಲ್ದಾಣದ ಮುರಿದ ಚಾವಣಿಯ ಕೆಳಗೆ, ಬಿಸಿಲು ಏರುವ ಮುಂಚೆ.